ಮೂಗಿನ ನಳಿಗೆಗೆ ಮನೆಯ ಗಂಜಿ ಬೇಡ

ಐಸಿಯು ಬಾಗಿಲಲ್ಲಿ ದಿನಾ ಕೇಳಿಸುವ ಪ್ರಶ್ನೆಯೇ ಈ ಸಲ ಪತ್ರದಲ್ಲೂ ಬಂದಿದೆ. ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ಅಪ್ಪನಿಗೆ ನ್ಯುಮೋನಿಯಾ. ವೆಂಟಿಲೇಟರ್ ಹಾಕಿ 3 ದಿನ ಆಯ್ತು. ಮೂಗಿನ ನಳಿಗೆಯಲ್ಲಿ ಗಂಟೆಗೆ 20 ಎಂಎಲ್ ಹಾಲಿನಂಥದ್ದು ಏನೋ ಬಿಡುತ್ತಾರೆ, ಅಷ್ಟೇ. ಉಪವಾಸ ಕೆಡವುತ್ತಿದ್ದಾರಾ? ಸಿಸ್ಟರ್ ಕೈಲಿ ಗಂಜಿ ತಿಳಿ, ಎಳನೀರು ಕೊಟ್ಟು ಹಾಕಿಸಲಾ? (ಕುಮಟಾ)

ಉತ್ತರ: ಖಂಡಿತ ಬೇಡ. ಆ ಹಾಲಿನಂಥದ್ದರಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 1 ಕ್ಯಾಲರಿ ಇರುತ್ತದೆ. ಗಂಟೆಗೆ 20 ಅಂದರೆ ದಿನಕ್ಕೆ 480. 60 ಕೆಜಿ ತೂಕದವರಿಗೆ ಕೊನೆಗೆ ಬೇಕಾಗುವುದು ಸುಮಾರು 1200ರಿಂದ 1500. ಕಡಿಮೆ ನಿಜ, ಆದರೆ ಬೇಕಂತಲೇ ಕಡಿಮೆ. ಕಾಯಿಲೆ ಜೋರಾಗಿರುವ ಮೊದಲ ದಿನಗಳಲ್ಲಿ ದೇಹ ತನ್ನದೇ ದಾಸ್ತಾನು ಕರಗಿಸುತ್ತಿರುತ್ತದೆ. ಮೇಲಿಂದ ತುಂಬಿದರೆ ಶುಗರ್ ಏರುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ವೆಂಟಿಲೇಟರ್ ಬಿಡಿಸುವುದು ಕಷ್ಟ. ಬಿಪಿ ಏರಿಸುವ ಔಷಧಿ ಓಡುತ್ತಿದ್ದರೆ ಕರುಳಿಗೆ ರಕ್ತವೂ ಕಡಿಮೆ. ಮೊದಲೇ ಊಟ ಬಿಟ್ಟು ಸೊರಗಿದವರಿಗೆ, ವರ್ಷಗಟ್ಟಲೆ ಕುಡಿದವರಿಗೆ ಒಮ್ಮೆಲೇ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಹೃದಯ, ಉಸಿರಿನ ಸ್ನಾಯು ಎರಡೂ ಸೋಲುತ್ತವೆ. ಹಾಗಂತ ಪೂರ್ತಿ ನಿಲ್ಲಿಸಲೂ ಬಾರದು. ಬಿಪಿ ಒಂದು ಹದಕ್ಕೆ ಬಂದರೆ 24ರಿಂದ 48 ಗಂಟೆಯೊಳಗೆ ಸ್ವಲ್ಪವಾದರೂ ಶುರು ಮಾಡುತ್ತೇವೆ. ಕರುಳಿಗೆ ಕೆಲಸ ಇರಬೇಕು.

ಈಗ ಗಂಜಿ ತಿಳಿ. ಅಪ್ಪನಿಗೆ ಬೇಕಾದ ಪ್ರೋಟೀನ್ ದಿನಕ್ಕೆ 70 ಗ್ರಾಂ ದಾಟುತ್ತದೆ. ಒಂದು ಲೋಟ ತಿಳಿಯಲ್ಲಿ ಒಂದೆರಡು ಗ್ರಾಂ ಸಿಕ್ಕರೆ ಹೆಚ್ಚು. ಅಗಳಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಕಾಸಿ ಫ್ಲಾಸ್ಕಿಗೆ ಹಾಕಿ ಬಸ್ಸಲ್ಲಿ ತಂದದ್ದು ನಮ್ಮ ಕರಾವಳಿ ಸೆಕೆಗೆ ಏನಾಗಿರುತ್ತದೋ ದೇವರಿಗೇ ಗೊತ್ತು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತವರ ಹೃದಯವನ್ನೇ ಅದು ನಿಲ್ಲಿಸಬಹುದು. "ಎಳನೀರು ತಂಪು, ಏನೂ ಆಗಲ್ಲ" ಅಂತ ಹೇಳುವ ನೆಂಟರು ರಕ್ತಪರೀಕ್ಷೆ ನೋಡಿರುವುದಿಲ್ಲ.

ನೀವು ಗಮನಿಸಬೇಕಾದದ್ದು ಬೇರೆ. ಮಂಚದ ತಲೆಭಾಗ 30ರಿಂದ 45 ಡಿಗ್ರಿ ಎತ್ತಿದೆಯಾ? ಬೆನ್ನುಮೂಳೆ ಪೆಟ್ಟಿನಂಥ ಕಾರಣವಿಲ್ಲದೆ ಚಪ್ಪಟೆ ಮಲಗಿಸಿದ್ದರೆ ಕೇಳಿ. ಹೊಟ್ಟೆಯದ್ದು ಉಕ್ಕಿ ಶ್ವಾಸಕೋಶಕ್ಕೆ ಹೋದೀತು. ನಳಿಗೆಯ ತುದಿ ಹೊಟ್ಟೆಯಲ್ಲೇ ಇದೆಯೆಂದು ಎಕ್ಸ್‌ರೇ ನೋಡಿಯೇ ಶುರು ಮಾಡಿದ್ದಾರಾ? ಗಾಳಿ ಊದಿ ಗುಳುಗುಳು ಸದ್ದು ಕೇಳಿದರೆ ಸಾಲದು. ಕೇಳಿದ್ದಕ್ಕೆ ಯಾರಾದರೂ ಮುಖ ಗಂಟು ಹಾಕಿದರೆ ಹಾಕಲಿ.

ಪ್ರಶ್ನೆ: ಗ್ಲೂಕೋಸ್ ಬಾಟಲಿ ಸಾಕಲ್ವಾ? (ಅಂಕೋಲಾ)

ಉತ್ತರ: 5 ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ, ಕ್ಯಾಲರಿ ನೂರೂ ಇಲ್ಲ. ಸಾಲದು.

ಪ್ರಶ್ನೆ: ನಾಟಿ ವೈದ್ಯರು ಕೊಟ್ಟ ಕಷಾಯ ಕದ್ದು ಹಾಕಿಸಿದ್ದೇವೆ, ತೊಂದರೆಯಿಲ್ಲ ತಾನೇ? (ಹೆಸರು ಬೇಡ)

ಉತ್ತರ: ಇವತ್ತೇ ಡಾಕ್ಟರಿಗೆ ಹೇಳಿ. ವೆಂಟಿಲೇಟರ್ ಮೇಲಿದ್ದವರ ನಳಿಗೆಗೆ ಕಷಾಯ ಕಳಿಸುವವರು ವೈದ್ಯರಲ್ಲ.

ಪ್ರಶ್ನೆ: ನಳಿಗೆಯಲ್ಲಿ ಆಹಾರ ಹೋಗುತ್ತಿರುವ ರೋಗಿಯನ್ನು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೆ ಒಯ್ಯಬೇಕು. ದಾರಿಯಲ್ಲಿ ಹಸಿವಾಗುವುದಿಲ್ವಾ?

ಉತ್ತರ: ಹೊರಡುವ ಮೊದಲು ಫೀಡ್ (ನಳಿಗೆಯ ಆಹಾರ) ನಿಲ್ಲಿಸಿ, ಹೊಟ್ಟೆಯಲ್ಲಿದ್ದದ್ದನ್ನು ಸಿರಿಂಜಿನಲ್ಲಿ ಎಳೆದು ತೆಗೆಯುವುದೇ ಒಳ್ಳೆಯದು. ಆ ತಿರುವುಗಳಲ್ಲಿ ವಾಂತಿಯಾದರೆ ಹಸಿವಿಗಿಂತ ಅಪಾಯ. ಇನ್ಸುಲಿನ್ ಓಡುತ್ತಿದ್ದರೆ ಅದನ್ನೂ ಇಳಿಸಬೇಕು, ಇಲ್ಲವಾದರೆ ಕುಮಟಾ ಮುಟ್ಟುವ ಮೊದಲೇ ಶುಗರ್ ಕುಸಿದೀತು. ಆಂಬುಲೆನ್ಸಿನವರಿಗೆ ಇದನ್ನು ಬಾಯಿಬಿಟ್ಟು ಹೇಳಿ.