ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಆಫ್ಟರ್ ಎಫೆಕ್ಟ್ಸ್ ಪ್ರಿವ್ಯೂ ಸರಾಗವಾಗಿ ಓಡುತ್ತದೆಯೇ?

ಹಾಕಿಸಬೇಡಿ. ಈಗಂತೂ ಬೇಡವೇ ಬೇಡ. 16 ಜಿಬಿ ರ್‍ಯಾಮ್, ಮದುವೆ ಆಮಂತ್ರಣದ ವಿಡಿಯೋ, ಫೋಟೋಗಳ ರಾಶಿ, ನಡುವೆ ಮೊಬೈಲಿನ ಕ್ಲಿಪ್ಪು, ಸ್ಪೇಸ್‌ಬಾರ್ ಒತ್ತಿದರೆ ಕುಂಟುವ ಪ್ರಿವ್ಯೂ, ಕಾರ್ಡಿಗೆಂದು ಎತ್ತಿಟ್ಟ 35,000 ರೂಪಾಯಿ. ನೀವು ಬರೆದಿರುವುದು ಹೆಚ್ಚುಕಡಿಮೆ ನನ್ನದೇ ಕಥೆ. ವ್ಯತ್ಯಾಸ ಇಷ್ಟೇ, ನೀವು ಕೊಳ್ಳುವ ಮುಂಚೆ ಕೇಳಿದ್ದೀರಿ.

ನನ್ನದೂ ಆಮಂತ್ರಣದ ಕೆಲಸವೇ, ಫೋಟೋ ವಿಡಿಯೋಗಳಿಗೆ ಚಲನೆ ಕೊಡುವ ಇದೇ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರಿನಲ್ಲಿ. ಹುಡುಗ ಹುಡುಗಿಯ ಫೋಟೋಗಳು ಹಳೆ ಆಲ್ಬಮ್ಮಿನಿಂದ ಉದುರಿದಂತೆ ಒಂದರ ಮೇಲೊಂದು ಬೀಳಬೇಕು, ಕೊನೆಗೆ ಮುಹೂರ್ತ, ಛತ್ರದ ವಿಳಾಸ. ಫೋಟೋಗ್ರಾಫರ್ ಕೊಟ್ಟ ಪೆನ್‌ಡ್ರೈವಿನಿಂದ ಇಡೀ ಫೋಲ್ಡರನ್ನೇ ಎಳೆದು ಪ್ರಾಜೆಕ್ಟಿಗೆ ಹಾಕಿದೆ. ಪ್ರತಿ ಫೋಟೋದ ಸ್ಕೇಲ್, ಅಂದರೆ ಅಳತೆ, ಶೇಕಡಾ 10ಕ್ಕೆ ಇಳಿಸಿದೆ. ಅಂಚು ಹರಿದ ಕಾಗದದ ಹಾಗೆ ಕಾಣಲಿ ಎಂದು ರಫನ್ ಎಡ್ಜಸ್ ಎಂಬ ಎಫೆಕ್ಟ್ ಹಾಕಿದೆ. ಅದೂ ಸುಮ್ಮನಿದ್ದರೆ ಚೆಂದವಿಲ್ಲ, ಅಲುಗಾಡಲಿ ಎಂದು ಅದರ ಎವಲ್ಯೂಷನ್ ಎಂಬ ಸಂಖ್ಯೆಗೆ ಒಂದು ಎಕ್ಸ್‌ಪ್ರೆಶನ್, ಅಂದರೆ ಆ ಸಂಖ್ಯೆಯನ್ನು ತಾನಾಗಿ ಬದಲಿಸುವ ಪುಟ್ಟ ಕೋಡ್. ಅಲ್ಲಿಗೆ ಪ್ರಿವ್ಯೂ ಕೂತುಬಿಟ್ಟಿತು. ಸೆಕೆಂಡಿಗೆ 25 ಫ್ರೇಮ್ ಬರಬೇಕಾದ ಕಡೆ ಒಂದೋ ಎರಡೋ. ಹುಡುಗನ ಸೋದರಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು. "ಏನ್ರೀ, ಹ್ಯಾಂಗ್ ಆಯ್ತಾ?" ಅಂದರು. ಮಾನ ಹೋದಂತಾಗಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವನು ಇಎಂಐ ಮೇಲೆ ಕಾರ್ಡ್ ತಂದೆ.

ಕಾರ್ಡ್ ಹಾಕಿದ ಮೇಲೂ ಪ್ರಿವ್ಯೂ ಅಲ್ಲೇ ಇತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಏದುಸಿರು ಬಿಡುತ್ತಿದೆ, ಹೊಸ ಕಾರ್ಡ್ ಆರಾಮಾಗಿ ಕೂತಿದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕಾರ್ಡನ್ನು ಬಳಸಿಕೊಳ್ಳುವ ಎಫೆಕ್ಟ್‌ಗಳು ಇವೆ, ಇಲ್ಲವೆಂದಲ್ಲ. ಆದರೆ ಎಲ್ಲವೂ ಬಳಸುವುದಿಲ್ಲ, ನಾನು ಹಾಕಿದ್ದು ಬಳಸದ ಗುಂಪಿನದು. (ಆ ಕಾರ್ಡಿನ ಪೂರ್ತಿ ಉಪಯೋಗ ಈಗ ನನ್ನ ತಮ್ಮನಿಗೆ. ಕ್ರಿಕೆಟ್ ಗೇಮ್ ಚೆನ್ನಾಗಿ ಓಡುತ್ತದಂತೆ.)

ನಿಜವಾದ ಎಡವಟ್ಟು ಸ್ಕೇಲ್ 10ರಲ್ಲಿತ್ತು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ಆಫ್ಟರ್ ಎಫೆಕ್ಟ್ಸ್ ಒಂದು ಲೇಯರನ್ನು (ಒಂದರ ಮೇಲೊಂದು ಪೇರಿಸಿದ ಪದರಗಳಲ್ಲಿ ಒಂದು) ಬಿಡಿಸುವಾಗ ಮೊದಲು ಮಾಸ್ಕ್ (ಬೇಡದ ಭಾಗ ಮರೆಮಾಡುವುದು), ಆಮೇಲೆ ಎಫೆಕ್ಟ್, ಅದಾದ ಮೇಲೆ ಟ್ರಾನ್ಸ್‌ಫಾರ್ಮ್, ಅಂದರೆ ಸ್ಕೇಲ್, ಪೊಸಿಷನ್, ರೊಟೇಷನ್. ನಾವು ಮೊದಲು ಚಿಕ್ಕದು ಮಾಡಿ ಆಮೇಲೆ ಎಫೆಕ್ಟ್ ಹಾಕಿದರೂ ಅದು ಕೇಳುವುದಿಲ್ಲ, ತನ್ನ ಕ್ರಮದಲ್ಲೇ ಮಾಡುತ್ತದೆ. ಫೋಟೋಗಳ ಅಳತೆ 6000×4000. ಅಂದರೆ ಒಂದೊಂದರಲ್ಲೂ 2.4 ಕೋಟಿ ಪಿಕ್ಸೆಲ್. ನನ್ನ ಕಾಂಪೋಸಿಷನ್, ಅಂದರೆ ತಯಾರಾಗುವ ವಿಡಿಯೋದ ಚೌಕಟ್ಟು, 1920×1080, ಇಡೀ ಪರದೆಗೆ ಸೇರಿ 21 ಲಕ್ಷವೂ ಇಲ್ಲ. ಪರದೆ ಮೇಲೆ ಆ ಫೋಟೋ ಕಾಣುವುದು 600×400 ಅಳತೆಯಲ್ಲಿ, 2.4 ಲಕ್ಷ ಪಿಕ್ಸೆಲ್. ನೂರರಲ್ಲಿ ಒಂದು ಪಾಲು ತೋರಿಸಲು ನೂರು ಪಾಲು ಲೆಕ್ಕ ಮಾಡಿಸುತ್ತಿದ್ದೆ. ಒಂದು ಲೋಟ ಕಾಫಿಗೆ ಬಚ್ಚಲ ಹಂಡೆ ಪೂರ್ತಿ ಕಾಯಿಸಿದ ಹಾಗೆ. ಬಣ್ಣದ ಲೆಕ್ಕ ಎಲ್ಲಕ್ಕಿಂತ ಹಗುರವಾದ 8 ಬಿಟ್‌ನಲ್ಲೇ ಅಂಥ ಒಂದು ಚಿತ್ರಕ್ಕೆ 96 ಎಂಬಿ ಮೆಮೊರಿ ಬೇಕು. ಅಂಥವು ಹತ್ತಾರು ಒಟ್ಟಿಗೆ ಪರದೆ ಮೇಲೆ. ಎಕ್ಸ್‌ಪ್ರೆಶನ್ ದೆಸೆಯಿಂದ ಪ್ರತಿ ಫ್ರೇಮಿಗೂ ಅಂಚು ಬೇರೆ, ಹಾಗಾಗಿ ಹಿಂದಿನ ಫ್ರೇಮಿನ ಲೆಕ್ಕ ಮುಂದಿನದಕ್ಕೆ ಉಪಯೋಗಕ್ಕೆ ಬಾರದು.

ಸುಳಿವು ಕಣ್ಣೆದುರೇ ಇತ್ತು. ರಫನ್ ಎಡ್ಜಸ್‌ನ ಬಾರ್ಡರ್ ಸಂಖ್ಯೆ ಎಷ್ಟು ಏರಿಸಿದರೂ ಅಂಚು ಹರಿದಂತೆ ಕಾಣುತ್ತಲೇ ಇರಲಿಲ್ಲ, ಏರಿಸುತ್ತಲೇ ಹೋಗಿದ್ದೆ. ದೊಡ್ಡ ಚಿತ್ರದ ಮೇಲೆ ಹರಿದು ಆಮೇಲೆ ಹತ್ತನೇ ಒಂದಕ್ಕೆ ಕುಗ್ಗಿದರೆ ಕಾಣುವುದಾದರೂ ಹೇಗೆ?

ಕೊನೆಗೆ ಮಾಡಿದ್ದು ಇಷ್ಟು. ಫೋಟೋಶಾಪಿನ ಇಮೇಜ್ ಪ್ರೊಸೆಸರ್‌ನಲ್ಲಿ ಇಡೀ ಫೋಲ್ಡರನ್ನು 1200×800ಕ್ಕೆ ಇಳಿಸಿ ಬೇರೆ ಕಡೆ ಉಳಿಸಿದೆ. ಆಮೇಲೆ ಹಳೆ ಫೋಟೋಗಳ ಜಾಗಕ್ಕೆ ಅವನ್ನು ಕೂರಿಸಲು ರಿಪ್ಲೇಸ್ ಫೂಟೇಜ್. 10 ಇದ್ದ ಸ್ಕೇಲ್ 50 ಆಗಬೇಕು, ಎಫೆಕ್ಟಿನ ಸಂಖ್ಯೆಗಳನ್ನೆಲ್ಲ ಇಳಿಸಬೇಕು, ಸ್ಕೇಲ್‌ಗೆ ಕೀಫ್ರೇಮ್ (ಇಂಥ ಹೊತ್ತಿಗೆ ಇಷ್ಟು ಎಂದು ಇಟ್ಟ ಗುರುತು) ಇದ್ದ ಕಡೆ ಒಂದೊಂದನ್ನೇ ತಿದ್ದಬೇಕು. ಬೇಜಾರಿನ ಕೆಲಸ. ಆದರೆ ಪಿಕ್ಸೆಲ್ ಲೆಕ್ಕ 25ರಲ್ಲಿ ಒಂದು ಪಾಲಿಗೆ ಬಂತು, ಹಸಿರು ಗೆರೆ ಕಣ್ಣೆದುರೇ ಓಡತೊಡಗಿತು.

ಹಸಿರು ಗೆರೆ ಅಂದೆನಲ್ಲ, ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. "ಮೊದಲ ಸಲ ನಿಧಾನ, ಎರಡನೇ ಸಲ ಸರಿ, ಸಿಸ್ಟಂ ಹಾಳಾಗಿದೆಯಾ" ಎಂದಿದ್ದೀರಿ. ಹಾಳಾಗಿಲ್ಲ. ಇದು ವಿಡಿಯೋ ಪ್ಲೇಯರ್ ಅಲ್ಲ, ಮೊದಲ ಸಲ ಫ್ರೇಮುಗಳನ್ನು ಕಟ್ಟಿ ರ್‍ಯಾಮಿನಲ್ಲಿ ಇಡುತ್ತದೆ. ಅದೇ ಟೈಮ್‌ಲೈನ್ ಮೇಲಿನ ಹಸಿರು. ನೀಲಿ ಇದ್ದರೆ ಅದು ಡಿಸ್ಕ್ ಕ್ಯಾಶ್, ಅಂದರೆ ಕಟ್ಟಿದ ಫ್ರೇಮುಗಳು ಡಿಸ್ಕಿನಲ್ಲಿವೆ. ಹಾಗಿರುವಾಗ ನಿಧಾನವಾದಾಗಲೆಲ್ಲ ಕ್ಯಾಶ್ ಪರ್ಜ್ ಮಾಡಿ, ಅಂದರೆ ಖಾಲಿ ಮಾಡಿ, ಎನ್ನುವ ಸಲಹೆ ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಿಸಿದರೆ ವೇಗ ಎಲ್ಲಿಂದ ಬರಬೇಕು? ಹಳೆ ಫ್ರೇಮ್ ತಪ್ಪಾಗಿ ಕಾಣುತ್ತಿದ್ದರೆ, ಡಿಸ್ಕ್ ತುಂಬಿದ್ದರೆ ಮಾಡಿ, ಸುಮ್ಮಸುಮ್ಮನೆ ಬೇಡ. ನೋಡುವಾಗ ರೆಸಲ್ಯೂಷನ್ ಹಾಫ್‌ಗೆ ಇಡಿ, ಪಿಕ್ಸೆಲ್ ಕಾಲು ಭಾಗವಾಗುತ್ತದೆ. ಆಮಂತ್ರಣಕ್ಕೆ 32 ಬಿಟ್ ಇಟ್ಟಿದ್ದರೆ 8ಕ್ಕೆ ಇಳಿಸಿ, ಕೊನೆಗೆ ಅದು ಹೋಗುವುದು ವಾಟ್ಸಾಪಿಗೆ.

ಮೊಬೈಲಿನ ಕ್ಲಿಪ್ ಬೇರೆಯೇ ತಲೆನೋವು. ಅಂಥ ವಿಡಿಯೋವನ್ನು ಕುಗ್ಗಿಸಿಡುವ ಎಚ್.264ರಲ್ಲಿ ಹೆಚ್ಚಿನ ಫ್ರೇಮುಗಳು ಅಕ್ಕಪಕ್ಕದವನ್ನು ಆಧರಿಸಿರುತ್ತವೆ, ಒಂದನ್ನು ತೆಗೆಯಲು ಹಲವನ್ನು ಬಿಡಿಸಬೇಕು. ಅದನ್ನು ಎಡಿಟಿಂಗಿಗೆಂದೇ ಇರುವ ಪ್ರೊರೆಸ್‌ಗೋ ಡಿಎನ್‌ಎಕ್ಸ್‌ಎಚ್‌ಆರ್‌ಗೋ ಬದಲಿಸಿಕೊಂಡು ಕೂತುಕೊಳ್ಳಿ.

ನಿಮ್ಮದು 22 ಅಥವಾ ಆಮೇಲಿನ ಆವೃತ್ತಿಯಾದರೆ ಟೈಮ್‌ಲೈನಿನ ಕೆಳಗೆ ಎಡಮೂಲೆಯಲ್ಲಿ ಬಸವನಹುಳದ ಚಿತ್ರವಿದೆ. ಒತ್ತಿದರೆ ಯಾವ ಲೇಯರು, ಯಾವ ಎಫೆಕ್ಟು ಎಷ್ಟು ಹೊತ್ತು ತಿನ್ನುತ್ತಿದೆ ಎಂದು ಬರುತ್ತದೆ. ಅಲ್ಲಿ ದೊಡ್ಡ ಸಂಖ್ಯೆ ಯಾರದ್ದೋ ಅವರನ್ನು ಹಿಡಿಯಿರಿ. ಅದಾದ ಮೇಲೂ ದುಡ್ಡು ಹಾಕಲೇಬೇಕೆಂದರೆ ರ್‍ಯಾಮ್ 32 ಮಾಡಿಸಿ, ಕ್ಯಾಶ್‌ಗೆಂದೇ ವೇಗದ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿ. 2025ರ 25.2 ಆವೃತ್ತಿಯಿಂದ ರ್‍ಯಾಮ್ ಸಾಲದಿದ್ದರೂ ಡಿಸ್ಕ್ ಕ್ಯಾಶ್‌ನಿಂದಲೇ ಪ್ರಿವ್ಯೂ ಓಡುತ್ತದೆ. ಆ ಡಿಸ್ಕ್ ಹಳೆ ಹಾರ್ಡ್‌ಡಿಸ್ಕ್ ಆಗಿದ್ದರೆ ಆ ಲಾಭವೂ ನಿಮಗೆ ಸಿಗುವುದಿಲ್ಲ.