ಮುಂಬಾಗಿಲು ನೋಡಿದ್ದೀರಿ, ಹಿಂದಿನ ಓಣಿಗೂ ಹೋಗಿ

ಶಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ ನೆಲೆಸಿರುವ, ಸಕಲೇಶಪುರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಕೆಲಸದ ಮೇಲೆ ಮೆಕಾರ್ಮಿಕ್ ಪ್ಲೇಸ್ ಎಂಬ ಸಮ್ಮೇಳನ ಕೇಂದ್ರಕ್ಕೆ ಹೋಗಿದ್ದವನು ವಾಪಸು ಬರುವಾಗ ಸೌತ್ ಮಿಶಿಗನ್ ಅವೆನ್ಯೂದಲ್ಲಿ ಒಂದು ಬಿಳಿ ಕಟ್ಟಡ ಕಂಡೆ. ಗೋಡೆಯ ಮೇಲೆ ತ್ರಿಕೋನದ ಗುರುತು. ತೋಟದ ಮನೆಯ ಶೆಡ್ಡಿನಲ್ಲಿದ್ದ ನಮ್ಮ ತಾತನ ಹಡ್ಸನ್ ಕಾರಿನ ಮೂತಿಯ ಮೇಲೂ ಅಂಥದ್ದೇ ಇತ್ತು. ಅದು ಕಾರಿನ ಅಂಗಡಿಯಾಗಿತ್ತೇ? ಇಂಥವು ಇನ್ನೂ ಎಲ್ಲಿವೆ, ಹುಡುಕುವುದು ಹೇಗೆ? ನಮ್ಮ ಕಡೆ ಯಾಕೆ ಕಾಣುವುದಿಲ್ಲ?"

ಸಂಪಾದಕರ ಉತ್ತರ:

ನಿಮ್ಮ ನೆನಪು ಸರಿಯಾಗಿದೆ ಸ್ವಾಮಿ. ಅದು ಹಡ್ಸನ್ ಕಂಪನಿಯ ಶೋರೂಮ್. 1922ರದು, ಆಲ್ಫ್ರೆಡ್ ಆಲ್ಶುಲರ್ ಎಂಬ ವಾಸ್ತುಶಿಲ್ಪಿಯ ಕೈಕೆಲಸ. ನೀವು ನಡೆದು ಬಂದ ಬೀದಿಗೇ ಆಗ ‘ಮೋಟರ್ ರೋ’ ಅನ್ನುತ್ತಿದ್ದರು. ಅದರ ಉಚ್ಛ್ರಾಯದ ಕಾಲದಲ್ಲಿ ಅಲ್ಲಿ 116 ಹೆಸರಿನ ಕಾರುಗಳು ಮಾರಾಟಕ್ಕಿದ್ದವಂತೆ. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಗಳು ಒತ್ತೊತ್ತಾಗಿ ಕೂತಿರುವ ಹಾಗೆ ಅಲ್ಲಿ ಕಾರಿನ ಅಂಗಡಿಗಳು. ಪಕ್ಕದವನ ಗಾಜಿನೊಳಗೆ ಏನಿದೆಯೆಂದು ನೋಡದೆ ಗಿರಾಕಿ ಮುಂದೆ ಹೋಗುತ್ತಿರಲಿಲ್ಲ. ಅದಕ್ಕೇ ಒಬ್ಬೊಬ್ಬರೂ ಮುಂಗೋಡೆಗೆ ಸುಟ್ಟ ಮಣ್ಣಿನ ಹೂಬಳ್ಳಿ, ಕಂಬ, ಕಂಪನಿಯ ಮುದ್ರೆ ಎಲ್ಲವನ್ನೂ ಮೆತ್ತಿಸಿದರು. ಶಿಕಾಗೋ ನಗರ 2000ದಲ್ಲಿ ಈ ಬೀದಿಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು.

ನಿಮಗೆ ಅದೃಷ್ಟವಿತ್ತು, ಗೋಡೆಯ ಮೇಲೆ ಮುದ್ರೆ ಉಳಿದಿತ್ತು. ಎಲ್ಲ ಕಡೆಯೂ ಹಾಗಿರುವುದಿಲ್ಲ. ದೊಡ್ಡ ಗಾಜಿನ ಕಿಟಕಿ ಕಂಡ ಮಾತ್ರಕ್ಕೆ ಕಾರಿನ ಅಂಗಡಿ ಅನ್ನಲಾಗದು. ಪೀಠೋಪಕರಣದವನಿಗೂ ಪಿಯಾನೋ ಮಾರುವವನಿಗೂ ಅಂಥದ್ದೇ ಕಿಟಕಿ ಬೇಕಿತ್ತು. ಈ ತಪ್ಪನ್ನು ನಾವೇ ಮಾಡಿದ್ದೇವೆ. ಹಿಂದೊಮ್ಮೆ ಒಂದು ಹಳೆಯ ಚಿತ್ರದ ಕೆಳಗೆ ‘ಕಾರು ಶೋರೂಮ್’ ಎಂದು ಧೈರ್ಯವಾಗಿ ಅಚ್ಚು ಹಾಕಿದೆವು. ಗೋಡೆಯ ಮೇಲೆ ಮಾಸಿದ ಬಣ್ಣದಲ್ಲಿ ‘ಸ್ಟೋರೇಜ್’ ಎಂದು ಬರೆದಿದ್ದದ್ದು ಕಣ್ಣಿಗೆ ಬಿದ್ದಿದ್ದರೂ ತಲೆಗೆ ಹೋಗಿರಲಿಲ್ಲ. ಚಳಿಗಾಲದಲ್ಲಿ ಹಿಮ ಸುರಿಯುವ ಊರುಗಳಲ್ಲಿ ಸಾಹುಕಾರರು ಕಾರನ್ನು ತಿಂಗಳ ಬಾಡಿಗೆಗೆ ನಿಲ್ಲಿಸಿಟ್ಟು ಹೋಗುತ್ತಿದ್ದ ಗ್ಯಾರೇಜು ಅದು. ಅಲ್ಲಿ ಒಂದು ಕಾರನ್ನೂ ಮಾರಿದ ದಾಖಲೆ ಇರಲಿಲ್ಲ.

ಅಂದಿನಿಂದ ನನ್ನದೊಂದು ಕಟ್ಟುಪಾಡು: ಮುಂದಿನಿಂದ ನೋಡಿದ ಮೇಲೆ ಹಿಂದಿನ ಓಣಿಗೆ ಹೋಗದೆ ತೀರ್ಮಾನ ಹೇಳಕೂಡದು. ಆ ಕಾಲದ ದೊಡ್ಡ ಡೀಲರುಗಳ ಕಟ್ಟಡದಲ್ಲಿ ನೆಲಮಟ್ಟ ಮಾತ್ರ ಗಿರಾಕಿಗೆ. ಅಮೃತಶಿಲೆ, ಕುಂಡದಲ್ಲಿ ಗಿಡ, ಮಧ್ಯದಲ್ಲಿ ಒಂದೋ ಎರಡೋ ಕಾರು. ಮೇಲಿನ ಮಹಡಿಗಳಲ್ಲಿ ರಿಪೇರಿ, ಬಣ್ಣ, ಬಿಡಿಭಾಗಗಳು, ಮಾರಾಟಕ್ಕೆ ಕಾಯುವ ಕಾರುಗಳು. ಅವು ಮೇಲೆ ಹೋಗುವುದು ಹೇಗೆ? ಇಡೀ ಕಾರು ಹಿಡಿಸುವ ಲಿಫ್ಟಿನಲ್ಲಿ. ಆದ್ದರಿಂದ ಹಿಂಭಾಗದಲ್ಲಿ ಕಾರು ನುಗ್ಗುವಷ್ಟು ಅಗಲದ ಬಾಗಿಲು, ಅದರ ನೇರಕ್ಕೆ ತಾರಸಿಯ ಮೇಲೆ ಲಿಫ್ಟಿನ ಯಂತ್ರ ಕೂರಿಸಿದ ಚೌಕದ ಕೋಣೆ ಕಂಡರೆ ಅರ್ಧ ಕೆಲಸ ಆಯಿತು. ಬಾಗಿಲಿನ ಮೂಲೆಗಳನ್ನು ಬಗ್ಗಿ ನೋಡಿ. ಇಟ್ಟಿಗೆಗೆ ಚಕ್ರ ಉಜ್ಜದಂತೆ ಕಬ್ಬಿಣದ ಕಾಪು ಕೂರಿಸಿರುತ್ತಾರೆ, ಮೊಣಕಾಲೆತ್ತರದಲ್ಲಿ. ಮುಂಗೋಡೆಯನ್ನು ಎಷ್ಟೋ ಸಲ ಹೊಸದು ಮಾಡಿರುತ್ತಾರೆ. ಓಣಿ ಕಡೆಯ ಈ ಕಬ್ಬಿಣ ಕೀಳಲು ಯಾರೂ ದುಡ್ಡು ಖರ್ಚು ಮಾಡುವುದಿಲ್ಲ.

ಇನ್ನು ಕಾಗದದ ಸಾಕ್ಷಿ. ಅಮೆರಿಕದ ಊರುಗಳಿಗೆ ಸ್ಯಾನ್‌ಬಾರ್ನ್ ಕಂಪನಿಯ ನಕ್ಷೆಗಳಿವೆ. ಬೆಂಕಿ ವಿಮೆಯವರಿಗಾಗಿ ಮಾಡಿದ್ದು. ಲೈಬ್ರರಿ ಆಫ್ ಕಾಂಗ್ರೆಸ್ ಇವನ್ನು ಪುಕ್ಕಟೆಯಾಗಿ ತೆರೆದಿಟ್ಟಿದೆ. ಬೆಂಗಳೂರಿನಲ್ಲಿ ಕೂತು ರಾತ್ರಿಯೆಲ್ಲ ನೋಡುವ ಚಟ ನನಗೂ ಹತ್ತಿದೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಪೆಟ್ರೋಲು ಇಟ್ಟುಕೊಳ್ಳುವ ಜಾಗ ವಿಮೆಯವನಿಗೆ ತಲೆನೋವು ತಾನೇ, ಹಾಗಾಗಿ ನೆಲ ಕಾಂಕ್ರೀಟಿನದೋ ಮರದ್ದೋ, ಲಿಫ್ಟ್ ಎಲ್ಲಿದೆ, ಗ್ಯಾರೇಜಿನಲ್ಲಿ ಎಷ್ಟು ಕಾರು ಹಿಡಿಸುತ್ತವೆ ಎಂದು ಗುರುತು ಹಾಕಿಕೊಂಡಿದ್ದಾರೆ. ಜೊತೆಗೆ ಆ ವರ್ಷದ ನಗರ ಡೈರೆಕ್ಟರಿ, ಅಂದರೆ ಊರಿನವರ ಹೆಸರು-ವಿಳಾಸಗಳ ಪುಸ್ತಕ, ಸಿಕ್ಕರೆ ಅಂಗಡಿಯವನ ಹೆಸರೂ ಸಿಕ್ಕಿತು. ಒಂದು ಎಚ್ಚರಿಕೆ: ಶಿಕಾಗೋದಲ್ಲಿ 1909ರಲ್ಲಿ ಬಾಗಿಲ ನಂಬರುಗಳನ್ನು ಹೊಸದಾಗಿ ಹಾಕಿದರು, ನಡುಪೇಟೆಗೆ 1911ರಲ್ಲಿ. ಅದಕ್ಕೆ ಮುಂಚಿನ ಜಾಹೀರಾತಿನ ವಿಳಾಸ ಹಿಡಿದು ಹೊರಟರೆ ಬೇರೆ ಯಾರದೋ ಮನೆ ಬಾಗಿಲು ತಟ್ಟುತ್ತೀರಿ.

ಇವು ಉಳಿದದ್ದು ಹೇಗೆಂಬುದೂ ಸ್ವಾರಸ್ಯ. ಮೂರನೇ ಮಹಡಿಯಲ್ಲಿ ಕಾರು ನಿಲ್ಲಿಸಲು ಹಾಕಿದ ನೆಲ ಯಾವ ಭಾರಕ್ಕೂ ಜಗ್ಗುವುದಿಲ್ಲ, ಕಿಟಕಿಗಳೋ ಧಾರಾಳ. 1930ರ ದಶಕದ ಆರ್ಥಿಕ ಕುಸಿತ ಸಣ್ಣ ಕಂಪನಿಗಳನ್ನು ನುಂಗಿತು, ಯುದ್ಧದ ನಂತರ ಡೀಲರುಗಳು ಜಾಗ ಸಿಗುವ ಹೊರವಲಯದ ಹೆದ್ದಾರಿಗಳಿಗೆ ಹೋದರು. ಖಾಲಿಯಾದ ಕಟ್ಟಡಗಳಿಗೆ ಗೋದಾಮು, ಕಚೇರಿ, ಅಪಾರ್ಟ್‌ಮೆಂಟು ಬಂದು ಸೇರಿಕೊಂಡವು. ಫಿಲಡೆಲ್ಫಿಯಾದ ನಾರ್ತ್ ಬ್ರಾಡ್ ಸ್ಟ್ರೀಟಿನಲ್ಲಿ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಕಟ್ಟಿದ ಪ್ಯಾಕರ್ಡ್ ಕಾರು ಕಂಪನಿಯ ಕಟ್ಟಡದಲ್ಲಿ ಈಗ ಸಂಸಾರಗಳಿವೆ. ಓಹಾಯೋದ ಡೇಟನ್‌ನಲ್ಲಿ 1917ರ ಪ್ಯಾಕರ್ಡ್ ಅಂಗಡಿ ಪ್ಯಾಕರ್ಡ್ ಮ್ಯೂಸಿಯಮ್ಮೇ ಆಗಿದೆ. ನಿಮ್ಮ ತಾತನ ಕಾರಿನ ಮೇಲಿನ ಅಭಿಮಾನಕ್ಕಾದರೂ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಗೆ ಹೋಗಿ ಬನ್ನಿ. ಹಡ್ಸನ್‌ನ ಕಟ್ಟಕಡೆಯ ಡೀಲರ್ ಎಂದು ಹೆಸರಾದ ಅಂಗಡಿ ಅಲ್ಲಿದೆ, ಮ್ಯೂಸಿಯಮ್ಮಿನ ಭಾಗವಾಗಿ. 1957ರ ನಂತರ ಹಡ್ಸನ್ ಹೆಸರಿನ ಕಾರೇ ಬರಲಿಲ್ಲ.

ಲಂಡನ್ನಿನ ಪಿಕಡಿಲಿಯದು ಇನ್ನೊಂದು ಬಗೆ. ವೋಲ್ಸ್‌ಲಿ ಎಂಬ ಕಾರು ಕಂಪನಿ 1921ರಲ್ಲಿ ಅಲ್ಲಿ ಅರಮನೆಯಂಥ ಶೋರೂಮ್ ಕಟ್ಟಿಸಿ, ಐದೇ ವರ್ಷದಲ್ಲಿ ದಿವಾಳಿಯಾಯಿತು. ಆಮೇಲೆ ಬಾರ್ಕ್ಲೇಸ್ ಬ್ಯಾಂಕು ಬಂತು, 2003ರಲ್ಲಿ ಹೋಟೆಲು. ಹೋಟೆಲಿನ ಹೆಸರು ‘ದಿ ವೋಲ್ಸ್‌ಲಿ’. ದಿವಾಳಿಯಾದವರು ಕಟ್ಟಿದ ಮನೆಯಲ್ಲಿ ಅವರದೇ ಹೆಸರಿನಲ್ಲಿ ಊಟ!

ಇಂಥ ಕಟ್ಟಡಗಳಿಗೆ ಕತೆಗಳೂ ಅಂಟಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದ ಪ್ಯಾಕರ್ಡ್ ಡೀಲರ್ ಅರ್ಲ್ ಸಿ. ಆಂಥನಿ 1923ರಲ್ಲಿ ಪ್ಯಾರಿಸ್‌ನಿಂದ ಅಮೆರಿಕದ ಮೊದಲ ನಿಯಾನ್ ಬೋರ್ಡು ತಂದನೆಂದು ಎಲ್ಲರೂ ಬರೆಯುತ್ತಾರೆ. ಇತ್ತೀಚಿನ ಸಂಶೋಧಕರು ಇದಕ್ಕೆ ತಕರಾರು ತೆಗೆದಿದ್ದಾರೆ, ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಆಂಥನಿ ವಾಸ್ತುಶಿಲ್ಪಿ ಬರ್ನಾರ್ಡ್ ಮೇಬೆಕ್ ಕೈಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿಸಿದ ಕೆಂಪು ಕಂಬಗಳ ಶೋರೂಮ್ ಮಾತ್ರ ವ್ಯಾನ್ ನೆಸ್ ಅವೆನ್ಯೂದಲ್ಲಿ ನಿಂತೇ ಇದೆ, ಅದಕ್ಕೆ ಯಾವ ಕತೆಯ ಆಸರೆಯೂ ಬೇಡ.

ನೀವು ಶಿಕಾಗೋದವರಾದ್ದರಿಂದ ಇನ್ನೊಂದು. ಅದೇ ಮಿಶಿಗನ್ ಅವೆನ್ಯೂದಲ್ಲಿ ಉತ್ತರಕ್ಕೆ ಹೋದರೆ ಫೈನ್ ಆರ್ಟ್ಸ್ ಬಿಲ್ಡಿಂಗ್ ಸಿಗುತ್ತದೆ. ಸಂಗೀತದ ಮೇಷ್ಟ್ರುಗಳು, ಪಿಟೀಲು ಮಾಡುವವರು ಇರುವ ಜಾಗ. ಅದನ್ನು 1880ರ ದಶಕದಲ್ಲಿ ಕಟ್ಟಿಸಿದ್ದು ಸ್ಟುಡಿಬೇಕರ್ ಸಹೋದರರು, ಕುದುರೆ ಸಾರೋಟು ಮಾರಲು. ಕಾರಿನ ಅಂಗಡಿಯ ಅಜ್ಜ ಅದು. ಸಾರೋಟಿನವರೇ ಮುಂದೆ ಕಾರಿನವರಾದದ್ದು.

ನಿಮ್ಮ ಕೊನೆಯ ಪ್ರಶ್ನೆಗೆ ಇದೇ ದಾರಿಯಲ್ಲಿ ಉತ್ತರ ಇದೆ. ಮದರಾಸಿನ ಮೌಂಟ್ ರೋಡಿನ ಸಿಂಪ್ಸನ್ ಕಂಪನಿ 1840ರಲ್ಲಿ ಸಾರೋಟು ಕಟ್ಟುವ ಕಾರ್ಖಾನೆಯಾಗಿ ಶುರುವಾದದ್ದು, 1903ರಲ್ಲಿ ಅಲ್ಲೇ ಉಗಿ ಕಾರೊಂದನ್ನು ತಯಾರಿಸಿದರು. ಹಾಗಾಗಿ ನಮ್ಮ ಕಡೆ ಇಲ್ಲವೆಂದಲ್ಲ. ಸ್ಯಾನ್‌ಬಾರ್ನ್ ನಕ್ಷೆ ನಮಗಿಲ್ಲ, ಅಷ್ಟೆ. ಕಲ್ಕತ್ತೆಯಿಂದ ಬರುತ್ತಿದ್ದ ಥ್ಯಾಕರ್ಸ್ ಡೈರೆಕ್ಟರಿ, ಹಳೇ ಪೇಪರಿನ ಜಾಹೀರಾತು, ಇವನ್ನೇ ಜಾಲಾಡಬೇಕು.

ತೋಟದ ಶೆಡ್ಡಿನಲ್ಲಿ ಆ ಹಡ್ಸನ್ ಇನ್ನೂ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಊರಿಗೆ ಬಂದಾಗ ಡ್ಯಾಶ್‌ಬೋರ್ಡಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಮಾರಿದ ಡೀಲರು ತನ್ನ ಹೆಸರು, ಊರು ಕೊರೆಸಿದ ಬೆರಳುದ್ದದ ಹಿತ್ತಾಳೆ ಪಟ್ಟಿಯನ್ನು ಅಲ್ಲಿ ಕೂರಿಸುವ ರೂಢಿಯಿತ್ತು. ಕಾರು ಹೋಗಿದ್ದರೂ ರಸೀದಿಯೊಂದು ಟ್ರಂಕಿನ ತಳದಲ್ಲಿರಬಹುದು. ಫೋಟೋ ಕಳಿಸಿ. ಆ ವಿಳಾಸದ ಹಿಂದಿನ ಓಣಿಗೆ ನಾನು ಹೋಗಿ ಬರುತ್ತೇನೆ.