ಅಜ್ಜಿಗೆ ಬಂದದ್ದು ನನಗೂ ಬರುತ್ತಾ?

ನನ್ನ ಹತ್ತಿರ ಸಲಹೆ ಕೇಳಿ ಬಂದ ಹುಡುಗಿಯೊಬ್ಬಳ ಕಥೆ ಇದು. ಬರೆಯೋಕೆ ಅವಳು ಒಪ್ಪಿದ್ದಾಳೆ. ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರ ಬದಲಾಯಿಸಿದ್ದೇನೆ. ಸುಮಾ ಅನ್ನೋಣ. ವಯಸ್ಸು 20, ಉತ್ತರ ಕರ್ನಾಟಕದ ಹಳ್ಳಿಯವಳು. ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದಳು. ಆ ವರ್ಷ ಅವಳಿಗೆ ಅಬ್‌ನಾರ್ಮಲ್ ಸೈಕಾಲಜಿ (ಮನೋರೋಗಗಳ ಅಧ್ಯಯನ) ಪೇಪರ್ ಇತ್ತು.

ರಾತ್ರಿ ನಿದ್ದೆ ಹತ್ತುವ ಹೊತ್ತಿಗೆ ಯಾರೋ ಹೆಸರು ಹಿಡಿದು ಕರೆದಂತೆ ಅವಳಿಗೆ ಕೇಳುತ್ತಿತ್ತು. ಎದ್ದು ಕೂತರೆ ರೂಮಿನಲ್ಲಿ ಎಲ್ಲರೂ ಮಲಗಿರುತ್ತಿದ್ದರು. ಮೊದಲು ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಪುಸ್ತಕದಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮನೋರೋಗದ ಅಧ್ಯಾಯ ಬಂತು. ಇಲ್ಲದ ದನಿ ಕೇಳುವುದು ಅದರ ಲಕ್ಷಣ ಅಂತ ಓದಿದಳು. ಅವತ್ತಿನಿಂದ ದಿನಾ ರಾತ್ರಿ ಎರಡು ಗಂಟೆವರೆಗೆ ಫೋನಿನಲ್ಲಿ ಅದನ್ನೇ ಹುಡುಕುವುದು.

ರೋಗಗಳ ಬಗ್ಗೆ ಓದುವವರಿಗೆಲ್ಲ ಸ್ವಲ್ಪ ಹೀಗಾಗುತ್ತದೆ. ಮೆಡಿಕಲ್ ವಿದ್ಯಾರ್ಥಿಗಳಲ್ಲಂತೂ ಇದು ಹಳೇ ಕಥೆ. ಆದರೆ ಸುಮಾಳ ಭಯಕ್ಕೆ ಇನ್ನೊಂದು ಕಾರಣವಿತ್ತು. ಅಪ್ಪ ಚಿಕ್ಕವನಿದ್ದಾಗಲೇ ಅಜ್ಜಿ ತೀರಿಕೊಂಡಳು ಅಂತ ಮನೆಯಲ್ಲಿ ಹೇಳಿದ್ದರು. ಹೊಲ ಪಾಲು ಮಾಡುವಾಗ ಹಳೇ ಟ್ರಂಕಿನ ಕಾಗದಗಳನ್ನು ತೆಗೆದರು. ಅದರಲ್ಲಿ 1960ರ ದಶಕದ ಒಂದು ಮ್ಯಾಜಿಸ್ಟ್ರೇಟ್ ಆದೇಶ ಸಿಕ್ಕಿತು. ಅಜ್ಜಿಯನ್ನು ಮಾನಸಿಕ ಆಸ್ಪತ್ರೆಯಲ್ಲಿ ಇಡಬೇಕು ಅಂತ. ಯಾವ ಊರಿನ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ.

"ಮೇಡಂ, ನನಗೂ ಅಜ್ಜಿ ಹಂಗ ಆಗ್ತದೇನ್ರಿ?" ಅಂತ ಕೇಳಿದಳು.

ಉತ್ತರ ಹೇಳುವ ಮೊದಲು ನಾನು ಸಾಕಷ್ಟು ಪ್ರಶ್ನೆ ಕೇಳಬೇಕಿತ್ತು. ಹಗಲಲ್ಲಿ, ಪೂರ್ತಿ ಎಚ್ಚರ ಇರುವಾಗ ದನಿ ಕೇಳುತ್ತಾ? ಇಲ್ಲ. ಆ ದನಿ ಬೈಯುತ್ತಾ, ಅಪ್ಪಣೆ ಮಾಡುತ್ತಾ, ನಿನ್ನ ಬಗ್ಗೆ ಮಾತಾಡುತ್ತಾ? ಇಲ್ಲ, ಬರೀ ಹೆಸರು. ಯಾರೋ ನಿನಗೆ ಕೇಡು ಮಾಡಲು ನೋಡುತ್ತಿದ್ದಾರೆ ಅನಿಸುತ್ತಾ? ಇಲ್ಲ. ಸ್ನಾನ, ಊಟ, ಓದು? ಎಲ್ಲ ಸರಿಯಿದೆ, ಆದರೆ ಆ ಒಂದು ಪೇಪರಿನ ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ರೂಮಿನ ಗೆಳತಿಯರ ಜೊತೆ ಮಾತೂ ಕಡಿಮೆ. "ಅವ್ರಿಗೆ ಗೊತ್ತಾದ್ರ" ಅನ್ನೋ ಅಂಜಿಕೆ.

ನಿದ್ದೆಗೆ ಜಾರುವಾಗ ಹೆಸರು ಕರೆದಂತೆ, ಬಾಗಿಲು ಬಡಿದಂತೆ ಕೇಳುವುದು ಆರೋಗ್ಯವಂತರಲ್ಲೂ ತುಂಬ ಸಾಮಾನ್ಯ. ಮಿದುಳು ಅರ್ಧ ಎಚ್ಚರ, ಅರ್ಧ ಕನಸಿನಲ್ಲಿರುವ ಹೊತ್ತು ಅದು. ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ ಆಗಬಹುದು. ಅಂದರೆ ಭಯದಿಂದ ನಿದ್ದೆ ಕೆಡುತ್ತಿತ್ತು, ನಿದ್ದೆ ಕೆಟ್ಟದ್ದಕ್ಕೆ ದನಿ ಹೆಚ್ಚುತ್ತಿತ್ತು, ದನಿಯಿಂದ ಮತ್ತೆ ಭಯ. ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದೆ.

ಹುಡುಗಿ ಓದುವವಳು, ವಾದ ಹೂಡಿದಳು. ಎಲ್ಲರಿಗೂ ಆಗದ್ದು ನನಗೆ ಆಗುತ್ತಿದೆ ಅಂದರೆ ಅದು ಅಬ್‌ನಾರ್ಮಲ್ ಅಲ್ವಾ ಅಂತ. ಅವಳ ಪುಸ್ತಕದ ಮೊದಲ ಅಧ್ಯಾಯವನ್ನೇ ತೆಗೆಸಿದೆ. ಅಲ್ಲಿ ನಾಲ್ಕು ಅಳತೆಗಳಿವೆ: ರೂಢಿ ಬಿಟ್ಟ ನಡವಳಿಕೆ, ಸಂಕಟ, ದಿನದ ಬದುಕು ನಡೆಸಲು ಆಗದಿರುವುದು, ತನಗೋ ಇತರರಿಗೋ ಅಪಾಯ. ಇವುಗಳಲ್ಲಿ ಮೊದಲನೆಯದನ್ನು ನಾನು ಎಂದೂ ಒಂಟಿಯಾಗಿ ನಂಬುವುದಿಲ್ಲ. ರೂಢಿ ಕಾಲಕ್ಕೊಂದು, ಊರಿಗೊಂದು. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಆ ಜನ ಒಂದೇ ದಿನದಲ್ಲಿ ವಾಸಿಯಾದರಾ? ಇನ್ನು ನಮ್ಮ ಕಡೆ ಜಾತ್ರೆಯಲ್ಲಿ ಮೈಮೇಲೆ ದೇವರು ಬರುತ್ತದೆ. ಅದು ಆ ಜನರ ಆಚರಣೆಯ ಭಾಗವಾಗಿದ್ದರೆ ರೋಗ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯೂ ಹೇಳುತ್ತದೆ. ಬೇಡ ಅಂದರೂ ಬಂದು, ಬದುಕು ಕೆಡಿಸಿದರೆ ಆಗ ಬೇರೆ ಮಾತು.

ಸುಮಾಳನ್ನು ಈ ಅಳತೆಗೆ ಹಚ್ಚಿದರೆ ಸಂಕಟ ಖಂಡಿತ ಇದೆ. ಓದಿಗೂ ಗೆಳೆತನಕ್ಕೂ ಸ್ವಲ್ಪ ಪೆಟ್ಟು ಬಿದ್ದಿದೆ. ಆದರೆ ಅದಕ್ಕೆ ಕಾರಣ ದನಿಯಲ್ಲ, ಭಯ. ಏನೂ ಇಲ್ಲ ಹೋಗಮ್ಮ ಅಂತ ಕಳಿಸುವ ಕೇಸ್ ಅಲ್ಲ ಇದು. ಆತಂಕ ಇತ್ತು, ಅದಕ್ಕೆ ಸಹಾಯ ಬೇಕಿತ್ತು.

ಆಮೇಲೆ ವಂಶದ ಪ್ರಶ್ನೆ. ಸ್ಕಿಜೋಫ್ರೇನಿಯಾ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು. ಅಜ್ಜ, ಅಜ್ಜಿಗೆ ಇದ್ದರೆ ಮೊಮ್ಮಕ್ಕಳಲ್ಲಿ ನಾಲ್ಕೈದು. ಅಂದರೆ ಅಂಥ ನೂರು ಮೊಮ್ಮಕ್ಕಳಲ್ಲಿ ತೊಂಬತ್ತೈದರಷ್ಟು ಜನಕ್ಕೆ ಬರುವುದೇ ಇಲ್ಲ. ಈ ಲೆಕ್ಕ ಕೇಳಿ ಅವಳ ಭುಜ ಸ್ವಲ್ಪ ಸಡಿಲವಾಯಿತು. ಆದರೆ ಅಜ್ಜಿಗೆ ಇದ್ದದ್ದು ಸ್ಕಿಜೋಫ್ರೇನಿಯಾ ಅಂತ ಯಾರು ಹೇಳಿದರು?

ಆದೇಶದಲ್ಲಿ ರೋಗದ ಹೆಸರೇ ಇರಲಿಲ್ಲ. ಆಗ ನಡೆಯುತ್ತಿದ್ದದ್ದು 1912ರ ಲೂನಸಿ (ಹುಚ್ಚರ) ಕಾಯ್ದೆ. ಬುದ್ಧಿಮಾಂದ್ಯರಿಗೂ ಮನೋರೋಗಿಗಳಿಗೂ ಅದರಲ್ಲಿ ಒಂದೇ ಹಣೆಪಟ್ಟಿ. ಮನೆಯವರು ಅರ್ಜಿ ಕೊಟ್ಟು, ಜೊತೆಗೆ ಇಬ್ಬರು ವೈದ್ಯರ ಸರ್ಟಿಫಿಕೇಟ್ ಇಟ್ಟರೆ ಮ್ಯಾಜಿಸ್ಟ್ರೇಟ್ ಆದೇಶ ಮಾಡುತ್ತಿದ್ದರು. ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು ಕೇಳಿ ಬಾ ಅಂತ ಸುಮಾಳಿಗೆ ಹೇಳಿದೆ. ಅತ್ತೆಗೆ ನೆನಪಿತ್ತು. ಕೊನೆಯ ಹೆರಿಗೆಯಾದ ಕೆಲವೇ ದಿನಕ್ಕೆ ಅಜ್ಜಿ ನಿದ್ದೆ ಬಿಟ್ಟಳಂತೆ, ಕೂಸು ತನ್ನದಲ್ಲ ಅಂದಳಂತೆ, ರಾತ್ರಿ ಎದ್ದು ಹೊಲದ ಕಡೆ ಹೋಗುತ್ತಿದ್ದಳಂತೆ. ಕೇಳಿದ ಕಥೆಯಿಂದ ರೋಗ ನಿರ್ಧರಿಸಬಾರದು. ಆದರೂ ಬಾಣಂತಿ ಸಮಯದಲ್ಲಿ ಬರುವ ತೀವ್ರ ಮನೋರೋಗ ಹೀಗೇ ಇರುತ್ತದೆ. ಇವತ್ತು ಬೇಗ ಆಸ್ಪತ್ರೆಗೆ ತಂದರೆ ಅದು ಬಹುಪಾಲು ಚೆನ್ನಾಗಿ ವಾಸಿಯಾಗುತ್ತದೆ. ಈ ವಿಷಯ ಸುಮಾಳಿಗೆ ಮುಂದೆ ಬೇಕಾಗಬಹುದು. ಗರ್ಭಿಣಿಯಾದರೆ ವೈದ್ಯರಿಗೆ ಮೊದಲೇ ತಿಳಿಸು ಅಂತ ಹೇಳಿದ್ದೇನೆ.

ಈಗ ಭಯ ಹೋಗಿ ಸಿಟ್ಟು ಬಂತು. ಅಜ್ಜ ಯಾಕೆ ಬಿಟ್ಟು ಬಂದ? ನಾನು ಅಜ್ಜನ ಪರ ವಾದ ಮಾಡಲಿಲ್ಲ, ಆ ಕಾಲ ಹೇಗಿತ್ತು ಅಂತ ಹೇಳಿದೆ. ಹೊರಗೆ ತರುವುದು ಯಾವಾಗಲೂ ಮನೆಯವರ ಕೈಯಲ್ಲಿ ಇರುತ್ತಿರಲಿಲ್ಲ. ಅರ್ಜಿ ಕೊಟ್ಟವರೇ ಬರೆದು ಕೇಳಿದರೆ ಬಿಡಬೇಕಿತ್ತು, ಆದರೆ ರೋಗಿ ಅಪಾಯಕಾರಿ ಅಂತ ಆಸ್ಪತ್ರೆಯ ಅಧಿಕಾರಿ ಬರೆದುಕೊಟ್ಟರೆ ಬಿಡುವಂತಿರಲಿಲ್ಲ. ಊರಿನಿಂದ ದೂರ, ಬಸ್ಸು ಕಡಿಮೆ, ಮನೆಯಲ್ಲಿ ಎಳೇ ಕೂಸು. ಆದರೆ ಬೇರೆ ದಾರಿಯೇ ಇರಲಿಲ್ಲ ಅನ್ನುವುದೂ ನಿಜ ಅಲ್ಲ. ಪ್ಯಾರಿಸ್‌ನಲ್ಲಿ 1952ರಲ್ಲಿ ಬಳಕೆಗೆ ಬಂದ ಮನೋರೋಗದ ಔಷಧಿ ಕ್ಲೋರ್‌ಪ್ರೊಮಜಿನ್ ಆ ಹೊತ್ತಿಗೆ ಭಾರತಕ್ಕೂ ಬಂದಿತ್ತು. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ 1950ರ ದಶಕದಲ್ಲೇ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆಗೇ ಇರಿಸಿಕೊಂಡಿದ್ದರು. ಅಜ್ಜಿಗೆ ಅದು ಸಿಗಲಿಲ್ಲ. ಸಿಟ್ಟು ಬರುವುದು ನ್ಯಾಯವೇ.

ನಮ್ಮ ಪಠ್ಯಪುಸ್ತಕಗಳ ಬಗ್ಗೆ ನನ್ನದೊಂದು ತಕರಾರಿದೆ. ಪ್ಯಾರಿಸ್‌ನಲ್ಲಿ ಪಿನೆಲ್ ಅನ್ನುವ ವೈದ್ಯ ಮನೋರೋಗಿಗಳ ಸರಪಳಿ ಬಿಚ್ಚಿಸಿದ ಕಥೆಗೆ ಒಂದು ಪುಟ. ಆದರೆ ಬಿಸೆತ್ರ್ ಆಸ್ಪತ್ರೆಯಲ್ಲಿ ಅದನ್ನು ಮಾಡಿದ್ದು ಅಲ್ಲಿನ ಮೇಲ್ವಿಚಾರಕ ಪ್ಯುಸಾಂ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ ಇಂಥ ಆಸ್ಪತ್ರೆಗಳು ಶುರುವಾದದ್ದಕ್ಕೆ ಸುಮಾಳ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಬೆಂಗಳೂರಿನದೇ ಮುಂದೆ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಇದು ಪುಸ್ತಕದಲ್ಲಿ ಇದ್ದಿದ್ದರೆ ಅಜ್ಜಿಯ ವಿಷಯ ತಮ್ಮ ಮನೆಯದೊಂದೇ ಕಳಂಕ ಅಂತ ಅವಳಿಗೆ ಅನಿಸುತ್ತಿರಲಿಲ್ಲವೇನೋ.

ಸುಮಾಳ ಒಪ್ಪಿಗೆ ಪಡೆದು ಅಪ್ಪ, ಅವ್ವ ಇಬ್ಬರನ್ನೂ ಕರೆಸಿದೆ. ಅವ್ವನ ಚಿಂತೆ ಒಂದೇ. "ಇದು ಹೊರಗ ಗೊತ್ತಾದ್ರ ಹುಡುಗಿಗೆ ಸಂಬಂಧ ಬರ್ತಾವೇನ್ರಿ?" ನಾನು ಹೇಳಿದ್ದು ಇಷ್ಟು: ಮಗಳಿಗೆ ಕಾಯಿಲೆ ಇಲ್ಲ, ಊರಿಗೆಲ್ಲ ಹೇಳಿಕೊಂಡು ಬರಬೇಕಾಗಿಲ್ಲ. ಮದುವೆಯಾಗುವ ಹುಡುಗನಿಗೆ ಯಾವಾಗ, ಎಷ್ಟು ಹೇಳಬೇಕು ಅನ್ನುವುದನ್ನು ಸುಮಾ ನಿರ್ಧರಿಸಲಿ. ಆದರೆ ಮನೆಯೊಳಗೆ ಮುಚ್ಚಿಡುವುದು ಸಾಕು. ಅಪ್ಪ ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಸ್ಪತ್ರೆಯ ಹಳೇ ದಾಖಲೆ ವಿಚಾರಿಸಲು ಒಂದು ಅರ್ಜಿ ಬರೆದುಕೊಡಿ ಅಂದರು. ಬರೆದುಕೊಟ್ಟೆ. ಉತ್ತರ ಇನ್ನೂ ಬಂದಿಲ್ಲ.

ಸುಮಾಳಿಗೆ ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ನಿದ್ದೆ. ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ, ಸಂಜೆ ಮೇಲೆ ಚಹಾ ಬೇಡ, ಫೋನು ಹಾಸಿಗೆಯಿಂದ ದೂರ ಇರಲಿ. ದನಿ ಕೇಳಿದರೆ ಎದ್ದು ಹುಡುಕಬಾರದು, ನಿದ್ದೆ ಬರುತ್ತಿದೆ ಅಂದುಕೊಂಡು ಮಗ್ಗುಲು ಬದಲಿಸಬೇಕು. ಲಕ್ಷಣ ಹುಡುಕುವುದು ಬಂದ್. ಬಿಟ್ಟ ಕ್ಲಾಸಿಗೆ ಮತ್ತೆ ಹೋಗಬೇಕು, ಮೊದಲ ದಿನ ಗೆಳತಿಯ ಪಕ್ಕ ಕೂತು. ಗಾಂಜಾದ ಹತ್ತಿರ ಹೋಗಬಾರದು. ಮನೆತನದಲ್ಲಿ ತೀವ್ರ ಮನೋರೋಗ ಇದ್ದವರಿಗೆ ಅದರ ಅಪಾಯ ಹೆಚ್ಚು. ಈಗ ಹೆಸರು ಕೇಳುವುದು ಅಪರೂಪವಾಗಿದೆ. ಕೇಳಿದರೂ ಎದ್ದು ಕೂರುವುದಿಲ್ಲ ಅನ್ನುತ್ತಾಳೆ.

ಮಾತ್ರೆ ಬೇಕಾಗಲಿಲ್ಲ, ಮನೋವೈದ್ಯರ ಹತ್ತಿರ ಕಳಿಸಲೂ ಇಲ್ಲ. ಯಾವಾಗ ಕಳಿಸುತ್ತಿದ್ದೆ ಅನ್ನುವುದನ್ನು ಅವಳಿಗೂ ಅವಳ ಅಪ್ಪನಿಗೂ ಬಿಡಿಸಿ ಹೇಳಿದ್ದೇನೆ. ಪೂರ್ತಿ ಎಚ್ಚರದಲ್ಲಿ ದನಿ ಕೇಳಿದರೆ, ಜನ ಸಂಚು ಮಾಡುತ್ತಿದ್ದಾರೆ ಅನ್ನುವ ನಂಬಿಕೆ ಬಲವಾದರೆ, ಸ್ನಾನ, ಊಟ, ಓದು ವಾರಗಟ್ಟಲೆ ಕೈಬಿಟ್ಟರೆ ತಡ ಮಾಡಬಾರದು. ಸಾಯುವ ಯೋಚನೆ ಬಂದರಂತೂ ಅವತ್ತೇ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಪ್ಪ ಆ ನಂಬರನ್ನು ತಮ್ಮ ಫೋನಿನಲ್ಲೂ ಹಾಕಿಸಿಕೊಂಡರು.